ಗೆರೆ ದೇವೇಂದ್ರಪ್ಪ

ಪೇಂಟರ್ ದೇವೇಂದ್ರಪ್ಪ ಹಾಲ್‌ನ ಗೋಡೆಯಿಂದ, ಗೆರೆ ನೇರ ಬರಲೆಂದು ಅಂಟಿಸಿದ್ದ ಟೇಪನ್ನು ಸರ್ರೆಂದು ಎಳೆದರೆ, ಅದರ ಜೊತೆ ಅಂಗೈಯಗಲದ ಗೋಡೆಯೂ ಬಂತು. ಕೆನೆಬಣ್ಣದ ಕೆಳಗೆ ಗುಲಾಬಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಸುಣ್ಣ. ಮಲ್ಲತ್ತಹಳ್ಳಿಯ ಆ ಮನೆಯ ಮೂವತ್ತು ವರ್ಷದ ಬಣ್ಣ ಒಂದೇ ಏಟಿಗೆ ಬಯಲಾಯಿತು.

"ಬಣ್ಣ ಹೊಡೀರಿ ಅಂದ್ರೆ ಚರ್ಮ ಸುಲೀತಿದೀರಲ್ರೀ!" ಎಂದರು ಮನೆಯ ಯಜಮಾನ ರೇವಣಸಿದ್ದಯ್ಯ. ಆಡಿಟ್ ಕೆಲಸದಿಂದ ನಿವೃತ್ತರು. ಹಾಲು ಉಕ್ಕಿದರೂ ಯಾಕೆ ಉಕ್ಕಿತೆಂದು ವಿಚಾರಿಸುವವರು.

"ಹಳೇ ಡಿಸ್ಟೆಂಪರ್ ರೀ, ಹಿಟ್ಟಾಗೇತಿ. ಮೊದಲ ತಿಕ್ಕಿ ಪ್ರೈಮರ್ ಹೊಡೀಬೇಕಿತ್ತು. ನಂದ ತಪ್ಪು."

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ರೇವಣಸಿದ್ದಯ್ಯನವರ ಅನುಮಾನಕ್ಕೆ ಮೊದಲ ಕೋಟು ಬಳಿದಂತಾಯಿತು. ಹಾಲ್ ಸರಿಬಂದರೆ ಮಹಡಿಯ ಮೂರು ರೂಮೂ ದೇವೇಂದ್ರಪ್ಪನವರಿಗೆ, ಇಲ್ಲದಿದ್ದರೆ ಮೂಡಲಪಾಳ್ಯದ ಪೇಂಟರ್ ಮಹೇಶನಿಗೆ ಎಂದು ತೀರ್ಪು ಕೊಟ್ಟರು.

ದೇವೇಂದ್ರಪ್ಪ ಸಿಂದಗಿ ಕಡೆಯವರು. ಹನ್ನೆರಡು ವರ್ಷದ ಹಿಂದೆ ಕೆಂಗೇರಿ ಉಪನಗರಕ್ಕೆ ಬಂದು, ಮೊದಲು ಗಾರೆ ಹೊತ್ತು ಆಮೇಲೆ ಬ್ರಷ್ ಹಿಡಿದವರು. ಎರಡು ಬಣ್ಣ ಸೇರುವ ಕಡೆ ಅವರು ತರುವ ಗೆರೆ ಬ್ಲೇಡಿನಲ್ಲಿ ಕೊಯ್ದಂತಿರುತ್ತದೆ. ಉಪನಗರದ ಎಷ್ಟೋ ಫೋನ್‌ಗಳಲ್ಲಿ ಅವರ ಹೆಸರು 'ಗೆರೆ ದೇವೇಂದ್ರಪ್ಪ' ಎಂದೇ ಇದೆ. ಈ ಮೂರು ರೂಮು ಕೈತಪ್ಪಿ, ಸುದ್ದಿ ಮಹೇಶನ ಬಾಯಿಗೆ ಬಿದ್ದರೆ ಆ ಹೆಸರಿಗೂ ಸುಣ್ಣವೇ.

ಮರುದಿನ ಗೋಡೆ ತಿಕ್ಕಿ, ಪ್ರೈಮರ್ ಹೊಡೆದು, ಕೆನೆಬಣ್ಣ ಹಚ್ಚಿ ಒಣಗಲು ಬಿಟ್ಟರು. ಮೂರನೆಯ ದಿನ ನೀರಿನ ಟ್ಯೂಬಿನಲ್ಲಿ ಮಟ್ಟ ನೋಡಿ, ನೀಲಿ ಪುಡಿ ಬಳಿದ ದಾರವನ್ನು ಗೋಡೆಗೆ ಟಪ್ಪೆಂದು ಬಡಿದು, ಆ ಗುರುತಿನುದ್ದಕ್ಕೂ ಟೇಪು ಒತ್ತಿದರು. ಟೇಪಿನಿಂದ ಕೆಳಗಿನ ಗೋಡೆಗೆ ಬರಬೇಕಾದ್ದು ಕಡುನೀಲಿ. ಬ್ರಷ್ ಅದ್ದಿದ್ದು ಮಾತ್ರ ಕೆನೆಬಣ್ಣಕ್ಕೆ!

ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ರೇವಣಸಿದ್ದಯ್ಯ ಹೆಂಡತಿಯನ್ನು ಕೂಗಿದರು. "ನೀಲಾ, ಬಾ ಇಲ್ಲಿ. ಇದ್ದ ಬಣ್ಣದ ಮೇಲೆ ಅದೇ ಬಣ್ಣ ಹೊಡೀತಿದಾರೆ. ಡಬ್ಬ ಖಾಲಿ ಮಾಡೋ ಐಡಿಯಾ ಕಣೇ."

"ಸೋರೂದಿದ್ರ ಇದ ಬಣ್ಣ ಸೋರ್ಲಿ ಅಂತ್ರಿ," ಎಂದರು ದೇವೇಂದ್ರಪ್ಪ. "ಟೇಪಿನ ಸಂದಿ ಮುಚ್ಚಿಬಿಡತೈತಿ. ಒಣಗಿದ ಮ್ಯಾಲ ನೀಲಿ ಹೊಡದ್ರ ಒಳಗ ಹೋಗಾಕ ದಾರೀನ ಇರೂದಿಲ್ಲ."

"ನೀವು ಹೇಳೋದು ನಂಬೋ ಹಾಗೇ ಇದೆ. ಅದೇ ನಂಗೆ ಭಯ."

"ಸುಮ್ನಿರಿ ಸಾಕು," ಎಂದರು ನೀಲಮ್ಮ. "ನಮ್ಮ ಮದುವೇಲಿ ತಾಳೀನ ಉಜ್ಜಿ ನೋಡಿದೋರು ನೀವು."

ನೀಲಿ ಎರಡು ಕೋಟು ಮುಗಿಯಿತು. ಬಣ್ಣ ಹಸಿಯಿರುವಾಗಲೇ ಟೇಪು ಕೀಳಬೇಕು. ದೇವೇಂದ್ರಪ್ಪ "ಒಂದೀಟು ಹೊರಗ ಇರ್ರಿ" ಎಂದು ಇಬ್ಬರನ್ನೂ ಕಳಿಸಿ, ಬಾಗಿಲು ಹಾಕಿ, ಚಿಲಕವನ್ನೂ ಹಾಕಿದರು. ರೇವಣಸಿದ್ದಯ್ಯ ಕಿಟಕಿಗೆ ಓಡಿದರು. ಬಣ್ಣ ಸಿಡಿಯದಂತೆ ಗಾಜಿಗೆಲ್ಲ ಹಳೆಯ ಪೇಪರ್ ಅಂಟಿಸಿತ್ತು. ಯಾರದೋ ಶ್ರದ್ಧಾಂಜಲಿ ಓದಿಕೊಂಡು ವಾಪಸು ಬಂದರು. ಒಳಗೆ ಸದ್ದಿಲ್ಲ. "ಬ್ರಷ್ಷಲ್ಲಿ ತಿದ್ದುತಿದಾರೆ, ನೋಡ್ತಿರು," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

ಬಾಗಿಲು ತೆರೆಯಿತು. ಕೆನೆ, ನೀಲಿ, ನಡುವೆ ಗೆರೆ. ರೇವಣಸಿದ್ದಯ್ಯ ಸ್ಕೇಲ್ ಇಟ್ಟರು, ಕನ್ನಡಕ ಬದಲಿಸಿದರು, ಟಾರ್ಚ್ ಬಿಟ್ಟರು. ಒಂದು ಹನಿಯೂ ಆಚೀಚೆ ಹೋಗಿರಲಿಲ್ಲ. ಹುಳುಕೇ ಸಿಗದ್ದರಿಂದ ಅವರಿಗೆ ಹುಳುಕಿದೆಯೆಂದು ಖಾತ್ರಿಯಾಯಿತು.

"ಮೇಲಿನ ರೂಮು ನಿಮಗೇ. ಆದ್ರೆ ನಿಜ ಹೇಳಿ, ಬಾಗಿಲು ಹಾಕ್ಕೊಂಡು ಒಳಗೇನು ಮಾಡಿದ್ರಿ?"

ದೇವೇಂದ್ರಪ್ಪ ತಲೆ ಕೆರೆದುಕೊಂಡರು.

"ಕಣ್ಣ ಮುಚ್ಕೊಂಡು ಟೇಪು ಕಿತ್ತೇನ್ರಿ. ನೋಡಾಕ ಧೈರ್ಯ ಬರೂದಿಲ್ಲ."