ಅಯ್ಯನವರ ದನಿಯಲ್ಲಿ ಒಂದು ಸಲಹೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಮ್ಮೆ ನಾನು ಫೋನಿನಲ್ಲಿ ನಮ್ಮ ಚರ್ಚಿನ ಸಭಾಪಾಲಕರಾಗಿದ್ದೆ. ಎರಡೇ ನಿಮಿಷ. ಮೊನ್ನೆ ಹರಿಹರದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕರ್ಚೀಫಿಗೆ ನೀಲಗಿರಿ ಎಣ್ಣೆ ಹನಿಸಿಕೊಂಡಾಗ ಆ ಎರಡು ನಿಮಿಷ ನೆನಪಾದವು. ಅದು ಟೀಚರಮ್ಮನ ವಾಸನೆ...

ಟೀಚರಮ್ಮ ನಿವೃತ್ತ ಶಿಕ್ಷಕಿ, ಮದುವೆಯಾದವರಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದ್ದ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಮಿಕ್ಕ ಹೊತ್ತೆಲ್ಲ ಕಂಡವರ ದನಿ ಕದಿಯುವುದು. ಕಂಡಕ್ಟರು, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವ ಹಿರಿಯರು, ಹುಡುಗಿ ಒಲ್ಲೆನೆಂದಾಗ ಅತ್ತ ನಾನು, ಯಾರನ್ನೂ ಬಿಟ್ಟಿರಲಿಲ್ಲ. ಸಭಾಪಾಲಕರದು, ಅಂದರೆ ನಮ್ಮ ಅಯ್ಯನವರದು, ನನ್ನ ಅತ್ಯುತ್ತಮ ಕೃತಿ. ಮೊದಲು ಸಣ್ಣ ಕೆಮ್ಮು, ಆಮೇಲೆ ನಿದ್ದೆಯಿಂದ ಎದ್ದಂಥ ನಿಧಾನ. ಟೀಚರಮ್ಮ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಆಮೇಲೆ, ತಪ್ಪಪ, ಎನ್ನುತ್ತಿದ್ದರು.

ಹರಿಹರದಲ್ಲಿ ಅವರಿಗೊಬ್ಬ ತಂಗಿ. ಮಾತು ಬಿಟ್ಟು ಇಪ್ಪತ್ತು ವರ್ಷ. ತಾಯಿಯ ಮಣ್ಣಿಗೂ ಬಂದಿರಲಿಲ್ಲವಂತೆ. ಆ ತಂಗಿಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಯಿತು. ನೋಡಿಕೊಳ್ಳುವವರಿಲ್ಲ, ನೆರೆಯವರು ಎರಡು ತುತ್ತು ಹಾಕುತ್ತಿದ್ದಾರೆ ಎಂದು ಸುದ್ದಿ ಬಂತು. ಕರೆತರುವುದೋ ಬಿಡುವುದೋ? ಓಣಿಯವರೆಲ್ಲ ಬಂದು, ತಪ್ಪಾತು ಅನ್ನದೆ ಕರಕೊಂಡು ಬಂದ್ರೆ ಜನ ನಗ್ತಾರೆ, ಬ್ಯಾಡ ಎಂದರು. ಟೀಚರಮ್ಮ ಎಲ್ಲರಿಗೂ ಚಹಾ ಕೊಟ್ಟು ಕೇಳಿಸಿಕೊಂಡರು. ಇಂಥ ದೊಡ್ಡ ಮಾತಿದ್ದಾಗ ಅವರು ಅಯ್ಯನವರಿಗೆ ಪ್ರಾರ್ಥಿಸಲು ಹೇಳಿ, ಶುಕ್ರವಾರ ಉಪವಾಸವಿದ್ದು, ಆಮೇಲೆ ತೀರ್ಮಾನಿಸುವವರು. ಈ ಸಲವೂ ಹೇಳಿದ್ದರು. ಅಯ್ಯನವರು ಯಾವುದೋ ಕೂಟಕ್ಕೆಂದು ಊರು ಬಿಟ್ಟಿದ್ದರು, ಬರುವುದು ಭಾನುವಾರ.

ನನ್ನ ಸಂಕಟ ಬೇರೆ. ಇಡೀ ಮನೆಯಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದದ್ದು ಮುಂದಿನ ಕೋಣೆಯೊಂದೇ. ತಂಗಿ ಬಂದರೆ ನಾನು ಹೊರಗೆ.

ಗುರುವಾರ ಅಂಗಡಿಯ ಹಿಂದೆ ನಿಂತು ಗೆಳೆಯನ ಫೋನಿನಿಂದ ಕರೆ ಮಾಡಿದೆ. ಕೆಮ್ಮಿದೆ. "ಟೀಚರ್, ನಿಮಗೋಸ್ಕರ ಪ್ರಾರ್ಥನೆ ಮಾಡ್ದೆ. ಮೊದ್ಲು ಅವರು ತಪ್ಪಾತು ಅನ್ಲಿ. ನಿಮ್ಮ ಮೊಣಕಾಲು ನೋವು ನೀವು ನೋಡ್ಕಳ್ರಿ. ಜನ ಆಡ್ಕೊಂಡು ನಗೋದೂ ಐತಲ್ಲ."

"ಆತ್ರಿ ಅಯ್ಯನೋರೆ," ಎಂದರು.

ಸಂಜೆ ಅವರೇ ನನಗೆ, ಅಯ್ಯನವರು ಫೋನ್ ಮಾಡಿ ಬ್ಯಾಡ ಎಂದರೆಂದು ತಿಳಿಸಿದರು. ನನ್ನ ಕಲೆಯ ಮೇಲೆ ನನಗೇ ಹೆಮ್ಮೆಯಾಯಿತು. ಶುಕ್ರವಾರ ಅವರು ನೀರನ್ನೂ ಮುಟ್ಟಲಿಲ್ಲ. ನಾನು ಎರಡು ಪ್ಲೇಟು ಬೆಣ್ಣೆದೋಸೆ ತಿಂದೆ. ಶನಿವಾರ ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ಒಳಗೆ ಟೀಚರಮ್ಮ, ಅವರ ಹೆಗಲಿಗೆ ಒರಗಿದ ತಂಗಿ. ಸೊಟ್ಟಗಾದ ಬಾಯಿಯಿಂದ ಆಕೆ ಏನೋ ಹೇಳಲು ಹೆಣಗುತ್ತಿದ್ದರು. ಟೀಚರಮ್ಮ ಸೆರಗಿನಿಂದ ಆ ಬಾಯಿ ಒರೆಸಿದರು, ಮಾತಿಗೆ ಕಾಯಲಿಲ್ಲ.

ನಾನು ಆವರಗೆರೆಯಲ್ಲಿ ಗೆಳೆಯರ ಜೊತೆ ಸೇರಿಕೊಂಡೆ, ಈಗಲೂ ಅಲ್ಲೇ ಇದ್ದೇನೆ. ಟೀಚರಮ್ಮ ತೀರಿಕೊಂಡು ಎರಡು ವರ್ಷವಾಯಿತು. ವಿಚಿತ್ರವೆಂದರೆ ತಂಗಿ ಇದ್ದಾರೆ, ಗೋಡೆ ಹಿಡಿದು ನಡೆಯುತ್ತಾರೆ. ಕ್ರಿಸ್ಮಸ್ಸಿಗೆ ಹೋದರೆ ಕೇಕು ಕೊಡುತ್ತಾರೆ. ಅಯ್ಯನವರ ಕೆಮ್ಮು ಕೆಮ್ಮಿದರೆ ನಗಲು ಒಳಗಿನಿಂದ ಟೀಚರಮ್ಮ ಬರುವುದಿಲ್ಲ...

ಆ ಶನಿವಾರ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆ, ಭಾನುವಾರ ಅಯ್ಯನವರು ಬಂದರೆ ಹೇಗೂ ಸಿಕ್ಕಿಬೀಳುತ್ತೇನೆಂದು ನಾನೇ ಎಲ್ಲ ಹೇಳಿಬಿಟ್ಟೆ. ಅದು ನನ್ನ ದನಿ ಎಂದು ಆಗಲೇ ಹಿಡಿದುಬಿಟ್ಟಿದ್ದಿರಾ ಎಂದೂ ಕೇಳಿದೆ, ಕಲಾವಿದನ ಚಪಲ. ಟೀಚರಮ್ಮ ತಂಗಿಯ ಬೆನ್ನಿಗೊಂದು ದಿಂಬು ಕೊಟ್ಟರು.

"ಇಲ್ಲಪ, ಅಯ್ಯನೋರೇ ಅಂತ ನಂಬಿದ್ದೆ. ಆದ್ರ ಅದು ಓಣಿ ಮಾತು. ಅಯ್ಯನೋರೇ ಹೇಳಿದ್ರೂ ಓಣಿ ಮಾತು ಓಣಿ ಮಾತೇ. ಏಳು, ಮಂಚದ ಆ ಕಡೆ ಹಿಡಿ."