ಒಂಬತ್ತು ಗುರುತಿನ ಸೀಸೆ

ಬಂಟ್ವಾಳದಲ್ಲಿ ನನಗೆ ಔಷಧ ಬೆರೆಸಲು ಕಲಿಸಿದ ಹಿರಿಯ ಕಂಪೌಂಡರರು ಮೊದಲ ಆರು ತಿಂಗಳು ನನ್ನನ್ನು ಔಷಧದ ಕಪಾಟಿನ ಹತ್ತಿರವೇ ಬಿಡಲಿಲ್ಲ. ಆಗ ರೋಗಿಗಳು ಮನೆಯಿಂದಲೇ ಸೀಸೆ ತರುತ್ತಿದ್ದರು. ಅವನ್ನು ಬಿಸಿನೀರಿನಲ್ಲಿ ತೊಳೆಯುವುದು, ಮೂಸಿ ನೋಡುವುದು, ಎಣ್ಣೆಯ ವಾಸನೆ ಉಳಿದಿದ್ದರೆ ಮತ್ತೆ ತೊಳೆಯುವುದು, ಇಷ್ಟೇ ನನ್ನ ಕೆಲಸ. ಅನಂತರ ಅವರು ಉಪದೇಶಿಸಿದ್ದು ಒಂದೇ ನಿಯಮ: ಔಷಧದ ಹೆಸರನ್ನು ಕಪಾಟಿನಿಂದ ಇಳಿಸುವಾಗ ಒಮ್ಮೆ, ಅಳೆಯುವಾಗ ಒಮ್ಮೆ, ಮರಳಿ ಇಡುವಾಗ ಒಮ್ಮೆ ಓದಬೇಕು. ಸಂಸ್ಕೃತ ಪಾಠಶಾಲೆಯಲ್ಲಿ ಒಂದೊಂದು ಪಾಠವನ್ನು ಗುರುಗಳೆದುರು ಹಲವು ಬಾರಿ ಹೇಳಿ ಒಪ್ಪಿಸಿ ಬೆಳೆದ ನನಗೆ ಇದು ಭಾರವೆನಿಸಲಿಲ್ಲ. ಮಂತ್ರದಲ್ಲಿ ಅಕ್ಷರ ತಪ್ಪಬಾರದು, ಔಷಧದಲ್ಲಿ ಹನಿ ತಪ್ಪಬಾರದು ಎಂಬ ಶ್ರದ್ಧೆ ನನಗೆ ಸಹಜವಾಗಿಯೇ ಬಂತು.

ಐವತ್ತರ ದಶಕದ ಕೊನೆಗೆ ನಾನು ಮೂಡುಬಿದಿರೆಗೆ ಬಂದು ಒಬ್ಬ ಡಾಕ್ಟರರ ಔಷಧಾಲಯದಲ್ಲಿ ಕಂಪೌಂಡರನಾದೆ. ಮುಂಜಾನೆ ಧನ್ವಂತರಿಯನ್ನು ನೆನೆದು ಬಾಗಿಲು ತೆರೆಯುತ್ತಿದ್ದೆ. ವಿಷಾಂಶವುಳ್ಳ ಟಿಂಕ್ಚರುಗಳನ್ನು ಮೇಲಿನ ಕಪಾಟಿನಲ್ಲಿ, ಕೆಂಪು ಚೀಟಿ ಅಂಟಿಸಿ, ಬೀಗ ಹಾಕಿ ಇಟ್ಟಿದ್ದೆ. ಮಿಕ್ಸ್ಚರ್ ತುಂಬಿದ ಸೀಸೆಗೆ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದೆವು. ಅದರ ಅಂಚನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕಚ್ಚು ಮಾಡಿರುತ್ತಿದ್ದೆವು. ಒಂದು ಕಚ್ಚಿನಿಂದ ಇನ್ನೊಂದರವರೆಗೆ ಒಂದು ಹೊತ್ತಿನ ಔಷಧ. ಮೂರು ದಿನದ ಸೀಸೆಗೆ ಒಂಬತ್ತು ಗುರುತು. ನನ್ನ ಪಟ್ಟಿಗಳು ಎಷ್ಟು ಸಮನಾಗಿರುತ್ತಿದ್ದವೆಂದರೆ ಡಾಕ್ಟರರು ಅವನ್ನು ಕಂಡು, "ನೀವು ಬಂಗಾರದ ಕೆಲಸಕ್ಕೆ ಹೋಗಬೇಕಿತ್ತು ಮಾರಾಯ್ರೇ" ಎನ್ನುತ್ತಿದ್ದರು. ಆ ಹೊಗಳಿಕೆ ನನಗೆ ತುಸು ಹೆಚ್ಚೇ ಹಿತವಾಗುತ್ತಿತ್ತು.

ಬಸದಿಗಳ ಬೀದಿಯಿಂದ ಬರುತ್ತಿದ್ದ ಒಬ್ಬ ಜೈನ ವೃದ್ಧೆ ಹೊಟ್ಟೆನುಲಿತಕ್ಕೆ ಔಷಧ ಕೇಳಿಕೊಂಡು ಬಂದದ್ದು ಭಾದ್ರಪದದ ಆರಂಭದಲ್ಲಿ. ಡಾಕ್ಟರರು ಬೆಲ್ಲಡೋನಾ ಟಿಂಕ್ಚರ್ ಕೆಲವು ಹನಿ ಸೇರಿದ ಮಿಕ್ಸ್ಚರ್ ಬರೆದರು. ನಾನು ಮೂರು ಸಲ ಹೆಸರು ಓದಿ, ಅಳೆದು, ತುಂಬಿ, ಗುರುತು ಅಂಟಿಸಿ, "ದಿನಕ್ಕೆ ಮೂರು ಗುರುತು ಅಮ್ಮ, ಊಟದ ನಂತರ, ಕುಲುಕಿ ಕುಡಿಯಿರಿ" ಎಂದು ಕೊಟ್ಟೆ. ಮೂರು ದಿನ ಕಳೆದ ಮೇಲೆ ಖಾಲಿ ಸೀಸೆ ತೊಳೆದು ತಂದರು.

"ಹೇಗುಂಟು ಅಮ್ಮ?"

"ನೋವು ಕಡಿಮೆ ಉಂಟು."

ಲೆಕ್ಕವೂ ಸರಿಯಾಗಿತ್ತು, ಮಾತೂ ಸರಿಯಾಗಿತ್ತು. ಮತ್ತೊಂದು ಸೀಸೆ ತುಂಬಿ ಕೊಟ್ಟೆ.

ಏಳನೆಯ ದಿನ ಅವರು ಬೆಳಗಿನ ಅಭಿಷೇಕ ಮುಗಿಸಿಕೊಂಡು ನೇರ ಔಷಧಾಲಯಕ್ಕೆ ಬಂದರು. ಹಣೆಯಲ್ಲಿ ಗಂಧೋದಕದ ತೇವ ಇನ್ನೂ ಆರಿರಲಿಲ್ಲ. ನಾನು ಮೂರನೆಯ ಸೀಸೆ ಮುಂದಿಟ್ಟೆ. ಅವರು ಅದನ್ನು ನೋಡಲಿಲ್ಲ. ಬೆರಳಿನಿಂದ ತಡವಿ ಕಚ್ಚುಗಳನ್ನು ಎಣಿಸತೊಡಗಿದರು. ತುಟಿಗಳು ಒಣಗಿ ಸಿಪ್ಪೆ ಎದ್ದಿದ್ದವು.

"ಗುರುತು ಕಾಣುವುದಿಲ್ಲವಾ ಅಮ್ಮ?" (ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆದದ್ದು, ಇಲ್ಲಿ ಕನ್ನಡಿಸಿದ್ದೇನೆ.)

"ಪ್ರಾಯ ಆಯಿತಲ್ಲ, ಕಣ್ಣು ಸ್ವಲ್ಪ ಮಂಜು. ನಿಮಗೆಂತ ಅದು? ಮದ್ದು ಕೊಡಿ."

"ಯಾವಾಗಿನಿಂದ?"

"ಐದಾರು ದಿನ."

ಪ್ರಾಯ ಐದಾರು ದಿನದಲ್ಲಿ ಬರುವುದಿಲ್ಲ. ಬೆಲ್ಲಡೋನಾದ ಕೆಂಪು ಚೀಟಿ ನನ್ನ ಕಣ್ಣೆದುರು ಬಂತು; ಅದು ಹೆಚ್ಚಾದರೆ ಬಾಯಿ ಒಣಗಿ ಕಣ್ಣು ಮಂಜಾಗುತ್ತದೆ. "ಅಮ್ಮ, ನೀವು ಮದ್ದು ಹೇಗೆ ಕುಡಿಯುತ್ತೀರಿ, ಒಮ್ಮೆ ತೋರಿಸಿ" ಎಂದೆ.

"ಇದೆಂತ, ಪರೀಕ್ಷೆಯಾ?" ಎಂದು ನಕ್ಕು ಸೀಸೆಯನ್ನು ಹಿಡಿದರು. ಮೇಲಿನಿಂದ ಹೆಬ್ಬೆರಳಿನ ಉಗುರನ್ನು ಒಂದು, ಎರಡು, ಮೂರು ಕಚ್ಚು ಇಳಿಸಿ ನಿಲ್ಲಿಸಿದರು. "ಇಷ್ಟು. ಊಟ ಆದ ಕೂಡಲೇ."

"ಒಂದೇ ಸಲಕ್ಕಾ?"

"ಮತ್ತೆ? ನೀವೇ ಹೇಳಿದ್ದಲ್ಲವಾ, ದಿನಕ್ಕೆ ಮೂರು ಗುರುತು, ಊಟದ ನಂತರ ಅಂತ. ಹತ್ತು ದಿನದ ದಶಲಕ್ಷಣ ಪರ್ವ ಅಲ್ಲವಾ ಈಗ? ನನಗೆ ಏಕಭುಕ್ತ. ಒಂದೇ ಊಟ, ನೀರೂ ಆಗಲೇ."

ನಾನು ಆ ಸೀಸೆಯನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ. ಬಸದಿಗಳ ಊರಿನಲ್ಲಿದ್ದು, ಪರ್ವದ ಗಂಟೆಯನ್ನು ದಿನವೂ ಕೇಳುತ್ತಿದ್ದು, ನಿಮ್ಮ ಊಟ ಎಷ್ಟು ಹೊತ್ತು ಎಂದು ನಾನು ಕೇಳಿರಲಿಲ್ಲ. ಅವರು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದರು.

ನಾನು ಡಾಕ್ಟರರನ್ನು ಕರೆಯಲು ಹೊರಟಾಗ ವೃದ್ಧೆ ನನ್ನನ್ನು ತಡೆದು ದನಿ ತಗ್ಗಿಸಿದರು. "ಕಂಪೌಂಡ್ರೇ, ಬೇಡ. ಕಣ್ಣು ಮಂಜು ಅಂದರೆ ಡಾಕ್ಟ್ರು ವ್ರತ ಬಿಡಿ ಅಂತಾರೆ. ಹತ್ತು ವರ್ಷದ ವ್ರತ ಇದು. ಇದು ಹತ್ತನೆಯದು. ಇನ್ನು ನಾಲ್ಕೇ ದಿನ."

ಕಣ್ಣಿಗೆ ಹೆದರದವರು ವ್ರತಕ್ಕೆ ಹೆದರಿದ್ದರು. ಅದಕ್ಕೇ ಒಂದು ವಾರ ಬಾಯಿ ಬಿಟ್ಟಿರಲಿಲ್ಲ. ನಾನು, "ತಪ್ಪು ನನ್ನದು ಅಮ್ಮ. ಅದನ್ನು ಅವರಿಗೆ ಹೇಳದೆ ಇರಲಾರೆ" ಎಂದು ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

ಡಾಕ್ಟರರು ಹೊರಗೆ ಬಂದು ನಾಡಿ ಹಿಡಿದರು, ಕಣ್ಣಿನ ಪಾಪೆಗಳನ್ನು ನೋಡಿದರು. ವೃದ್ಧೆಯ ಕೈ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿತ್ತು.

"ಅಮ್ಮ, ನಿಮ್ಮ ವ್ರತಕ್ಕೆ ನಾನು ಕೈ ಹಾಕುವುದಿಲ್ಲ" ಎಂದರು ಕೊನೆಗೆ. "ಆದರೆ ಈ ಮದ್ದಿಗೆ ಇವತ್ತಿನಿಂದ ಪೂರ್ತಿ ಉಪವಾಸ. ಊಟದ ಹೊತ್ತಿಗೆ ಗಂಜಿ, ನೀರು ಧಾರಾಳ ತೆಗೆದುಕೊಳ್ಳಿ. ಕಣ್ಣು ತಿಳಿಯಾಗುವವರೆಗೆ ಒಬ್ಬರೇ ನಡೆಯಬೇಡಿ. ಎರಡು ದಿನದಲ್ಲಿ ಸರಿಯಾಗದಿದ್ದರೆ ಮಾತ್ರ ನಾನು ಬೇರೆ ಮಾತು ಹೇಳುತ್ತೇನೆ, ಆಗ ಕೇಳಬೇಕು."

"ಕೇಳುತ್ತೇನೆ" ಎಂದರು. ನಾನು ಅವರನ್ನು ಮನೆಯವರೆಗೆ ಬಿಟ್ಟು ಬಂದೆ. ಆ ಎರಡು ದಿನ ಬೆಳಿಗ್ಗೆ ಬಸದಿಯ ಮೆಟ್ಟಿಲ ಬಳಿ ನಿಂತು ಅವರು ಬರುವುದನ್ನು ಕಾದೆ. ಮೊದಲ ದಿನ ಸೊಸೆಯ ತೋಳು ಹಿಡಿದು ಬಂದರು. ಎರಡನೆಯ ದಿನ ದೂರದಿಂದಲೇ ನನ್ನನ್ನು ಗುರುತಿಸಿ, "ಓ, ಕಂಪೌಂಡ್ರು ಇಲ್ಲಿಯೂ ಹಾಜರಿ!" ಎಂದು ಹಂಗಿಸಿದರು. ಆ ಹಂಗಿಸುವಿಕೆಯಷ್ಟು ಇಂಪಾದುದನ್ನು ನಾನು ಕೇಳಿದ್ದು ಕಡಿಮೆ.

ಅಂದಿನಿಂದ ಔಷಧ ಕೊಡುವ ಮುನ್ನ ಊಟದ ಹೊತ್ತನ್ನು ಕೇಳುವುದು, ಕೊಟ್ಟ ಮೇಲೆ ರೋಗಿಯ ಬಾಯಿಂದಲೇ ಹೇಳಿಸಿ ಬೆರಳಿನಿಂದ ತೋರಿಸಿಕೊಳ್ಳುವುದು ನನ್ನ ನಿತ್ಯವಿಧಿಯಾಯಿತು. ಮುಂದೆ ರಂಜಾನ್ ತಿಂಗಳಲ್ಲಿ ಬೆಳ್ತಂಗಡಿಯ ಬ್ಯಾರಿ ವ್ಯಾಪಾರಿಯೊಬ್ಬರು ಕೆಮ್ಮಿನ ಔಷಧಕ್ಕೆ ಬಂದಾಗ, ನಾನು ಬಾಯಿ ತೆರೆಯುವ ಮೊದಲೇ, "ಕೇಳಿ ಕೇಳಿ, ನಿಮ್ಮ ಊಟದ ಪ್ರಶ್ನೆ ಕೇಳಿ. ಉಪವಾಸ ಉಂಟು" ಎಂದು ನಕ್ಕರು. ನನ್ನ ಪ್ರಶ್ನೆ ನನಗಿಂತ ಮುಂದೆ ಊರು ಸುತ್ತಿತ್ತು.

ಆ ಸಲ ವೃದ್ಧೆ ಪರ್ವ ಪೂರೈಸಿ, ಪಾರಣೆ ಮುಗಿಸಿದ ಮರುದಿನವೇ ಬಂದಿದ್ದರು. ಹೊಟ್ಟೆನುಲಿತ ಮತ್ತೆ ಸ್ವಲ್ಪ ಇತ್ತು. ಡಾಕ್ಟರರು ಹನಿಗಳನ್ನು ಕಡಿಮೆ ಮಾಡಿ ಅದೇ ಔಷಧ ಬರೆದರು. ವ್ರತ ಮುಗಿಯಿತಲ್ಲ ಎಂದು ನಾನು ಊಟದ ಹೊತ್ತು ಕೇಳದೆಯೇ, ಮೂರು ಹೊತ್ತು ಊಟದ ನಂತರ ಒಂದೊಂದು ಗುರುತು ಎಂದು ಚೀಟಿ ಬರೆದಿಟ್ಟು ಸೀಸೆ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಡವದೆ, ಕಣ್ಣಿನಿಂದಲೇ ಒಂಬತ್ತರವರೆಗೆ ಎಣಿಸಿದರು.

"ಈಗ ಹೇಳಿ ಅಮ್ಮ, ಹೇಗೆ ಕುಡಿಯುತ್ತೀರಿ?"

"ಮೊದಲು ನೀವು ಹೇಳಿ. ಸೂರ್ಯ ಮುಳುಗಿದ ಮೇಲೆ ನಾನು ವರ್ಷದಲ್ಲಿ ಒಂದು ದಿನವೂ ಏನೂ ಮುಟ್ಟುವುದಿಲ್ಲ. ಮೂರನೆಯ ಗುರುತು ಯಾವಾಗ?"

ಬರೆದಿಟ್ಟ ಚೀಟಿಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಡಾಕ್ಟರರನ್ನು ಕೇಳಿ ಬಂದು ಹೊಸದನ್ನು ಬರೆದೆ: ಬೆಳಗಿನ ಪೂಜೆಯಾದ ಮೇಲೆ ಒಂದು, ಮಧ್ಯಾಹ್ನ ಒಂದು, ಹೊತ್ತು ಮುಳುಗುವ ಮೊದಲು ಒಂದು. ಅವರು ಅದನ್ನು ದೂರ ಹಿಡಿದು, ನಿಧಾನವಾಗಿ, ಗಟ್ಟಿಯಾಗಿ ಓದಿದರು. ಒಂದಕ್ಷರವೂ ತಪ್ಪಲಿಲ್ಲ.