ಜೀಪಿನವನ ದನಿ

ಆನೆಗೊಂದಿಯ ಆಚೆಗಿನ ಗುಡ್ಡಗಳಿಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಜೀಪಿನವನು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಕಲ್ಲುದಾರಿಯಲ್ಲಿ ಜೀಪು ಕುಣಿದು ನಾವು ಕಿರುಚಿದರೆ ಹಿಂದಕ್ಕೆ ತಿರುಗಿ, "ಸಾವಕಾಶ್ರೀ, ಇದು ಕರಡಿ ಮನಿ ಐತಿ" ಎಂದು ಪಿಸುಗುಡುತ್ತಿದ್ದ.

ಒಂದು ಸಂಜೆ ಜೀಪು ನಿಲ್ಲಿಸಿ, ಮೀಸಲು ಕಾಡಿನೊಳಗೆ ಅವನ ಹಿಂದೆ ನಡೆಯುತ್ತಿದ್ದೆವು. ಇಳಿಜಾರಿನ ಕೆಳಗೆ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ಸೀತಾಫಲ ಕೀಳುತ್ತಿದ್ದಳು. ಪಕ್ಕದ ಬಂಡೆಯಿಂದ ಕರಡಿಯೊಂದು ಅವಳತ್ತ ಇಳಿಯುತ್ತಿತ್ತು.

"ಆಕೀನ್ನ ಕೂಗ್ರಿ!" ಎಂದೆ.

"ಆಕಿಗೆ ಕಿವಿ ಕೇಳಂಗಿಲ್ರಿ" ಎಂದವನೇ ಕೆಳಗೆ ಓಡಿದ. ಕೈಯಲ್ಲಿದ್ದ ಕೋಲಿನಿಂದ ಕಲ್ಲು ಬಡಿಯುತ್ತ, ಗುಡ್ಡವೇ ಮೊಳಗುವಂತೆ ಕರಡಿಯನ್ನು ಕೂಗಿದ. ಅದು ಅವನತ್ತ ತಿರುಗಿ ಎರಡು ಕಾಲ ಮೇಲೆ ಎದ್ದು ನಿಂತಿತು. ಅವನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ನನಗೆ ಕಣ್ಣು ಮುಚ್ಚಿಕೊಳ್ಳಲೂ ಆಗಲಿಲ್ಲ. ಕೊನೆಗೆ ಕರಡಿ ಗುರುಗುಟ್ಟುತ್ತ ಬಂಡೆಗಳ ನಡುವೆ ಮರೆಯಾಯಿತು.

ನಾವು ಇಳಿದು ಬಂದಾಗ ಅವನು ಅಲ್ಲೇ ಕುಸಿದು ಕೂತಿದ್ದ. ಆಗಷ್ಟೇ ತಿರುಗಿದ ಹೆಂಗಸು ಏನೂ ಅರಿಯದೆ ನಮ್ಮನ್ನೆಲ್ಲ ನೋಡಿ ನಕ್ಕಳು. ಬುಟ್ಟಿಯಿಂದ ಹಣ್ಣೊಂದನ್ನು ತೆಗೆದು ಅವನ ಕೈಗಿಟ್ಟಳು. ಅದು ಅವನ ಕೈಯಿಂದ ಜಾರಿ ಬಿತ್ತು.

ಅವಳು ಅದನ್ನೆತ್ತಿ, ಸೆರಗಿನಿಂದ ಒರೆಸಿ, ಮತ್ತೆ ಕೊಟ್ಟಳು.